ಕ್ಯೂ ಅಕೌಸ್ಟಿಕ್ಸ್ 3020ಐ: ಮೂರು ವರ್ಷ ಕೇಳಿದ ಮೇಲೆ

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಗೆ ಈ ಜೋಡಿ ಸ್ಪೀಕರ್ ಬಂದು ಮೂರು ವರ್ಷ ಆಯ್ತು. ಮೊದಲ ಎಂಟು ತಿಂಗಳು ನನಗೆ ಹಿಡಿಸಲೇ ಇಲ್ಲ. ಮಾರಿಬಿಡೋಣ ಅಂತ ಕೂಡ ಅನ್ನಿಸಿತ್ತು. ಟಿವಿ ಪಕ್ಕದ ಶೋಕೇಸಿನಲ್ಲಿ ಇಟ್ಟಿದ್ದೆ. ಮಲ್ಲಿಕಾರ್ಜುನ ಮನ್ಸೂರರ ದನಿ ಕೊಡದೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ತಬಲಾ ಜೋಡಿಯ ಡಗ್ಗಾ ಮೇಲೆ ಏಟು ಬಿದ್ದರೆ ಶೋಕೇಸಿನ ಗಾಜು ಗಿರ್ ಅನ್ನುತ್ತಿತ್ತು.

ಇದರ ಪೋರ್ಟ್, ಅಂದರೆ ಗಾಳಿ ಆಡುವ ತೂತು, ಹಿಂಬದಿಯಲ್ಲಿದೆ. ಗೂಡಿನಲ್ಲಿಟ್ಟರೆ ಬೇಸ್ (ತಗ್ಗಿನ ಸದ್ದು) ಉಬ್ಬುವುದು ಸಹಜ. ಜೊತೆಗೆ ಬರುವ ಫೋಮ್ ಬಿರಡೆ ಆ ತೂತಿಗೆ ಹಾಕಿದೆ, ಸ್ವಲ್ಪ ಕಡಿಮೆಯಾಯ್ತು, ಅಷ್ಟೇ. ಕೊನೆಗೆ ವೆಲ್ಡಿಂಗ್ ಶಾಪಿನಲ್ಲಿ 28 ಇಂಚಿನ ಸ್ಟ್ಯಾಂಡ್ ಮಾಡಿಸಿ, ಪೈಪಿನೊಳಗೆ ಒಣ ಮರಳು ತುಂಬಿದೆ. ಈಗ ಟ್ವೀಟರ್, ಅಂದರೆ ಏರು ಸ್ವರ ಹೊರಡಿಸುವ ಪುಟ್ಟ ಭಾಗ, ನೇರ ಕಿವಿ ಮಟ್ಟಕ್ಕಿದೆ. ಹಿಂದಿನ ಗೋಡೆಯಿಂದ ಒಂದೂವರೆ ಅಡಿ ಮುಂದೆ ತಂದೆ. ಅವತ್ತೇ ಬಿರಡೆ ತೆಗೆದಿಟ್ಟೆ.

ಆಮೇಲೆ ಕೂರುವ ಜಾಗದ ಸರದಿ. ಹಾಲ್ 16 ಅಡಿ ಅಗಲ, 12 ಅಡಿ ಆಳ. ಸುಮಾರು 95 ಹರ್ಟ್ಸ್ (ಸೆಕೆಂಡಿಗೆ 95 ಕಂಪನ) ಸದ್ದಿನ ಒಂದು ಅಲೆಯ ಉದ್ದವೂ ಹೆಚ್ಚುಕಡಿಮೆ 12 ಅಡಿ. ಎದುರುಬದುರು ಗೋಡೆಗೆ ಬಡಿದು ಮರಳುವ ಅಲೆಗಳು ಕೆಲವು ಕಡೆ ಕೂಡಿಕೊಳ್ಳುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸುತ್ತವೆ. ಹಾಗಾಗಿ ಬೆನ್ನ ಹಿಂದಿನ ಗೋಡೆಗೆ ತಲೆ ಆನಿಸಿದರೆ ಆ ಸದ್ದು ಗುಂಯ್ ಅನ್ನುತ್ತದೆ, ಮೂರಡಿ ಮುಂದೆ ಬಂದರೆ ಡಗ್ಗಾ ಸೊರಗುತ್ತದೆ. ಒಂದೇ ಹಾಡು ಹಚ್ಚಿ ದಿವಾನ್ ಗೇಣು ಗೇಣು ಸರಿಸುತ್ತಾ ಹೋದೆ. ಕಿವಿ ಗೋಡೆಯಿಂದ ಎರಡಡಿ ಇದ್ದಾಗ ಸರಿಹೋಯ್ತು. ಈಗ ಸ್ಪೀಕರುಗಳ ನಡುವೆ ಎಂಟಡಿ, ಒಂದೊಂದರಿಂದ ಕಿವಿಗೆ ಎಂಟೂವರೆ. ಸುಮ್ನೆ ನೇರ ಇಟ್ಟಾಗ ನಡುವೆ ಪೊಳ್ಳು ಅನ್ನಿಸುತ್ತಿತ್ತು. ಸ್ಪೀಕರುಗಳ ಒಳಬದಿಯ ಪಕ್ಕ ಚೂರೇ ಚೂರು ಕಾಣುವಷ್ಟು ನನ್ನ ಕಡೆ ತಿರುಗಿಸಿದೆ, ತುಂಬಿಕೊಂಡಿತು.

ಆದರೂ ದನಿ ಎಡಕ್ಕೇ ವಾಲುತ್ತಿತ್ತು. ಬಲಗಡೆ ಊಟದ ಮನೆಗೆ ತೆರೆದ ಜಾಗ, ಎಡಗಡೆ ಬೋಳು ಗೋಡೆ. ಮಗಳು ಆ ಗೋಡೆಗುಂಟ ಕನ್ನಡಿ ಹಿಡಿದು ನಡೆದಳು. ಕೂತಲ್ಲಿಂದ ಎಡ ಸ್ಪೀಕರ್ ಕನ್ನಡಿಯಲ್ಲಿ ಕಂಡ ಕಡೆ ಪೆನ್ಸಿಲ್ ಗುರುತು ಹಾಕಿದೆವು. ಸದ್ದು ಗೋಡೆಗೆ ಬಡಿದು ಕಿವಿಗೆ ಬರುವುದು ಅಲ್ಲಿಂದಲೇ. ಅಲ್ಲಿ ಅಮ್ಮ ಹೊಲಿದ ಕೌದಿ ಇಳಿಬಿಟ್ಟೆ. ಹಳೇ ಸೀರೆಗಳ ಏಳು ಪದರ, ಗೋಡೆಯಿಂದ ಎರಡು ಇಂಚು ಬಿಟ್ಟು ಕೋಲಿಗೆ ಕಟ್ಟಿದ್ದೇನೆ. ಟೈಲ್ಸ್ ನೆಲಕ್ಕೆ ಜಮಖಾನ. ದನಿ ನಡುವೆ ಬಂದು ನಿಂತಿತು.

ಬೇಸ್ ಹೊರಡಿಸುವ ವೂಫರ್ ಐದಿಂಚಿನದು, ತೀರಾ ಕೆಳಗಿನ ಬೇಸ್ ಇದರಲ್ಲಿ ಇಲ್ಲ. ಸಿನಿಮಾ ಜಾಸ್ತಿ ನೋಡುವವರಿಗೆ ಸಬ್‌ವೂಫರ್ (ಬೇಸಿಗೆಂದೇ ಇರುವ ಬೇರೆ ಸ್ಪೀಕರ್) ಬೇಕೇ ಬೇಕು. ನನ್ನಂತೆ ವಚನ, ಹಿಂದೂಸ್ತಾನಿ ಕೇಳುವವರು ಕಣ್ಣುಮುಚ್ಚಿ ತಗೊಳ್ಳಬಹುದು, ಸ್ಟ್ಯಾಂಡಿಗೆ ಜಾಗ ಇದ್ದರೆ ಮಾತ್ರ. ಮೊನ್ನೆ ರಾತ್ರಿ ಅದೇ ಮನ್ಸೂರರನ್ನು ಹಚ್ಚಿದ್ದೆ. ಎರಡು ಸಾಲಿನ ನಡುವೆ ಅವರು ಉಸಿರು ಎಳೆದುಕೊಂಡಿದ್ದು ಕೇಳಿಸಿತು. ಅಮ್ಮ ಅಡುಗೆಮನೆಯಿಂದ ಬಂದು ಕೌದಿ ಪಕ್ಕ ನಿಂತು, "ಇನ್ನೊಮ್ಮೆ ಹಚ್ಚಪ್ಪ" ಅಂದರು.