ಕಾರಿನೊಳಗೆ ಯುವಿ ಲೈಟ್ ಹಾಕಿಸುವ ಮುಂಚೆ ಇದನ್ನು ಓದಿ

ಕೊಡಗಿನಲ್ಲಿ ಗಾಡಿ ಇಟ್ಟುಕೊಂಡಿರುವವರು, ಅದರಲ್ಲೂ ಹೋಂಸ್ಟೇ ಮತ್ತು ಟ್ಯಾಕ್ಸಿಯವರು, ದಯವಿಟ್ಟು ಪೂರ್ತಿ ಓದಿ. "ಯುವಿ ಲೈಟ್ (ಅತಿನೇರಳೆ ಕಿರಣದ ದೀಪ) ಹಾಕಿ ಕಾರಿನ ಒಳಗಿನ ಕ್ರಿಮಿ, ಬೂಷ್ಟು, ವಾಸನೆ ಎಲ್ಲ ತೆಗೆದುಕೊಡುತ್ತೇವೆ" ಅಂತ ಮನೆ ಬಾಗಿಲಿಗೇ ಬರುವವರು ಶುರುವಾಗಿದ್ದಾರೆ. ಅಂಥ ಒಬ್ಬನಿಂದ ನಮ್ಮ ಭಾವ ಕಣ್ಣು ಬಿಡಲಾಗದೆ ನರಳಿದರು. ದುಡ್ಡೂ ಹೋಯಿತು, ಬೂಷ್ಟೂ ಹೋಗಲಿಲ್ಲ.

ಇಲ್ಲಿನ ಮಳೆಗಾಲ ಗೊತ್ತಲ್ವಾ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಗಾಡಿಯನ್ನು ಸ್ವಲ್ಪ ದಿನ ಶೆಡ್‌ನಲ್ಲೇ ಬಿಟ್ಟರೆ ಸಾಕು, ಸ್ಟೇರಿಂಗ್ ಮೇಲೆ ಬೆಳ್ಳಗೆ ಬೂಷ್ಟು ಕಟ್ಟಿರುತ್ತದೆ. ಸೀಟ್ ಬೆಲ್ಟ್ ಎಳೆದರೆ ಉದ್ದಕ್ಕೂ ಹಸಿರು ಚುಕ್ಕೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಜನ ಬರುವ ಹೊತ್ತಿಗೆ ಗಾಡಿ ತಯಾರಿರಬೇಕು. ಮುಗ್ಗಲು ವಾಸನೆ ಬಂದರೆ ಗೆಸ್ಟ್ ಬಾಯಲ್ಲಿ ಏನೂ ಹೇಳುವುದಿಲ್ಲ, ಊರಿಗೆ ಹೋಗಿ ರಿವ್ಯೂನಲ್ಲಿ ಬರೆಯುತ್ತಾರೆ. ಹಾಗಾಗಿ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಒಬ್ಬ ಹುಡುಗನನ್ನು ಕರೆಸಿದೆವು.

ಬೈಕಿನಲ್ಲಿ ಬಂದ. ಬ್ಯಾಗಿನಿಂದ ತೆಗೆದದ್ದು ಬರೀ ಒಂದು ಟ್ಯೂಬು, ತಗಡಿನ ಪಟ್ಟಿಗೆ ಸಿಕ್ಕಿಸಿದ್ದು. ಕವರ್ ಇಲ್ಲ, ಟೈಮರ್ ಇಲ್ಲ. ವೈರಿನ ತುದಿಯನ್ನು ನಮ್ಮ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ, ಟ್ಯೂಬನ್ನು ಮುಂದಿನ ಎರಡು ಸೀಟುಗಳ ನಡುವೆ ಇಟ್ಟ. ಹತ್ತಿರ ಇದ್ದರೆ ಏನಾದರೂ ಆಗುತ್ತದಾ ಅಂತ ಭಾವ ಕೇಳಿದರು.

"ಏನೂ ಆಗಲ್ಲ ಸಾರ್, ಮನೆ ಟ್ಯೂಬ್‌ಲೈಟ್ ಥರಾನೇ. ನೀವು ಆ ಹಿಂದಿನ ಸೀಟ್ ಸ್ವಲ್ಪ ಎತ್ತಿ ಹಿಡ್ಕೊಳ್ಳಿ, ಕೆಳಗೂ ಬೆಳಕು ಬೀಳ್ಲಿ."

ಭಾವ ಬಾಗಿಲು ತೆಗೆದು, ಒಳಗೆ ಬಗ್ಗಿ, ಸೀಟ್ ಎತ್ತಿ ಹಿಡಿದುಕೊಂಡೇ ನಿಂತರು. ಸ್ವಿಚ್ ಹಾಕಿದವನು ಮಾತ್ರ ಜಗಲಿಗೆ ಹೋಗಿ, ಗಾಡಿಗೆ ಬೆನ್ನು ಹಾಕಿ, ಮೊಬೈಲ್ ನೋಡುತ್ತಾ ಕೂತ. ಅವನಿಗೆ ಗೊತ್ತೇ ಇತ್ತು ಅನ್ನುವ ಅನುಮಾನ ನನಗೆ ಇವತ್ತಿಗೂ ಇದೆ.

ಆಗ ಏನೂ ಅನಿಸಲಿಲ್ಲ. ಉರಿ ಇಲ್ಲ, ಶಾಖ ಇಲ್ಲ, ಬರೀ ತಿಳಿ ನೀಲಿ ಬೆಳಕು. ಈ ಲೈಟಿನ ಮೋಸ ಇರುವುದೇ ಇಲ್ಲಿ. ರಾತ್ರಿ ಮಲಗಿದ ಮೇಲೆ ಭಾವ ಎದ್ದು ಕೂತರು. ಕಣ್ಣಿನೊಳಗೆ ಮರಳು ಸುರಿದ ಹಾಗೆ ಅಂದರು. ನೀರು ಧಾರಾಕಾರ. ಲೈಟ್ ಹಾಕಿದರೆ ಕಿರುಚುತ್ತಿದ್ದರು. ಮುಂಗೈ ಮತ್ತು ಕತ್ತಿನ ಒಂದು ಬದಿ ಕೆಂಪಾಗಿತ್ತು, ಅಂಗಿ ತೋಳು ಇದ್ದ ಕಡೆಗೆ ಗೆರೆ ಎಳೆದಂತೆ ನಿಂತಿತ್ತು. ಅತ್ತೆ ನಂದಿಬಟ್ಟಲು ಹೂವಿನ ನೀರು ಬಿಡೋಣ ಅಂದರು. ಹೇಗೋ ತಡೆದು, ಒದ್ದೆ ಬಟ್ಟೆ ಹಾಕಿ ಬೆಳಗು ಮಾಡಿದೆವು.

ಮಡಿಕೇರಿಯಲ್ಲಿ ಕಣ್ಣಿನ ಡಾಕ್ಟರು ಹಳದಿ ಬಣ್ಣದ ಹನಿ ಬಿಟ್ಟು, ನೀಲಿ ಬೆಳಕಿನಲ್ಲಿ ನೋಡಿದರು. ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಅದರ ತುಂಬಾ ಸಣ್ಣ ಸಣ್ಣ ಚುಕ್ಕೆ. ಕನ್ನಡಕ ಹಾಕದೆ ವೆಲ್ಡಿಂಗ್ ಮಾಡಿದವರಿಗೆ ಆಗುವುದು ಇದೇ ಅಂದರು. ಬೆಳಕು ಬಿದ್ದು 6ರಿಂದ 12 ಗಂಟೆ ಕಳೆದ ಮೇಲೆ ನೋವು ಶುರುವಾಗುತ್ತದಂತೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿ ವಾಸಿಯಾಗುತ್ತದೆ, ಭಾವನಿಗೂ ಆಯಿತು. ಆದರೆ ಕಣ್ಣು ಉಜ್ಜಬಾರದು, ಹೂವಿನ ನೀರು, ಎದೆಹಾಲು ಏನನ್ನೂ ಬಿಡಬಾರದು. ಮರಗಟ್ಟಿಸುವ ಹನಿಯನ್ನು ಮೆಡಿಕಲ್‌ನಿಂದ ತಂದು ನಾವೇ ಹಾಕಿಕೊಳ್ಳುತ್ತಾ ಹೋದರಂತೂ ಗಾಯ ಮಾಯುವುದೇ ಇಲ್ಲ.

ಹುಡುಗನಿಗೆ ಫೋನ್ ಮಾಡಿದರೆ "ಧೂಳು ಬಿದ್ದಿರಬೇಕು ಸಾರ್" ಅಂದ. ಆಮೇಲೆ ಫೋನ್ ಎತ್ತಲೇ ಇಲ್ಲ.

"ಮನೆ ಟ್ಯೂಬ್‌ಲೈಟ್ ಥರ" ಅಂದನಲ್ಲ, ಅದು ಅರ್ಧ ನಿಜ. ಎರಡರಲ್ಲೂ ಪಾದರಸದ ಆವಿಯೇ ಇರುವುದು. ಮನೆಯ ಟ್ಯೂಬಿನಲ್ಲಿ ಒಳಗಿನ ಬಿಳಿ ಲೇಪ ಮತ್ತು ಮಾಮೂಲಿ ಗಾಜು ಸೇರಿ ಆ ಆವಿಯಿಂದ ಬರುವ ಯುವಿ ಕಿರಣವನ್ನು ಹೊರಗೆ ಬಿಡುವುದಿಲ್ಲ. ಕ್ರಿಮಿ ಕೊಲ್ಲುವ ಟ್ಯೂಬಿಗೆ ಲೇಪವೇ ಇಲ್ಲ, ಗಾಜೂ ಬೇರೆ. ಯುವಿ-ಸಿ, ಅಂದರೆ ಯುವಿಯಲ್ಲೇ ಕ್ರಿಮಿ ಕೊಲ್ಲುವ ಬಗೆಯ 254 ನ್ಯಾನೋಮೀಟರ್ ತರಂಗಾಂತರದ ಕಿರಣ, ನೇರವಾಗಿ ಹೊರಗೆ ಬರುತ್ತದೆ. ಸೂರ್ಯನಿಂದ ಬರುವ ಯುವಿ-ಸಿಯನ್ನು ವಾತಾವರಣ ಮೇಲೇ ತಡೆಯುತ್ತದೆ, ಬಿಸಿಲಿನಲ್ಲಿ ಅದು ನಮಗೆ ತಗಲುವುದೇ ಇಲ್ಲ. ಕಣ್ಣಿಗೆ ಕಾಣುವ ಆ ನೀಲಿ ಬೆಳಕು ಬೇರೆ, ಸುಡುವ ಕಿರಣ ಕಾಣುವುದೇ ಇಲ್ಲ.

ಕಣ್ಣು, ಚರ್ಮದ ಮೇಲೆ ಈ ಕಿರಣ ಎಷ್ಟು ಬೀಳಬಹುದು ಅನ್ನುವುದಕ್ಕೆ ಅಂತರರಾಷ್ಟ್ರೀಯ ಮಿತಿಯೊಂದಿದೆ. 254 ನ್ಯಾನೋಮೀಟರಿಗೆ, 8 ಗಂಟೆಯ ಅವಧಿಯಲ್ಲಿ ಒಂದು ಚದರ ಸೆಂಟಿಮೀಟರಿಗೆ 6 ಮಿಲಿಜೂಲ್. ಮೂರಡಿಯ 30 ವಾಟ್ ಟ್ಯೂಬಿನಿಂದ ಒಂದು ಮೀಟರ್ ದೂರ ನಿಂತರೂ ಸುಮಾರು ಒಂದೇ ನಿಮಿಷಕ್ಕೆ ಆ ಮಿತಿ ಮುಗಿಯುತ್ತದೆ. ಕಾರಿನೊಳಗೆ ಬಗ್ಗಿ ನಿಂತವರಿಗೆ ಒಂದು ಮೀಟರ್ ದೂರ ಎಲ್ಲಿಂದ ಬರಬೇಕು?

ಹಾಗಂತ ಈ ಲೈಟೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆಸ್ಪತ್ರೆಯಲ್ಲಿ ಬಳಸುತ್ತಾರೆ. ಮನೆಯ ಹಲವು ವಾಟರ್ ಪ್ಯೂರಿಫೈಯರ್‌ಗಳಲ್ಲೂ ಇದೇ ಇದೆ, ಆದರೆ ಕೊಳವೆಯೊಳಗೆ ಮುಚ್ಚಿಟ್ಟಿರುತ್ತಾರೆ. 2020ರಲ್ಲಿ ಕೊರೊನಾ ಬಂದಾಗ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದವರು ಕೋಣೆಗಳಿಗೆ ಅಂತ ಒಂದು ಯುವಿ ಯಂತ್ರ ಮಾಡಿದ್ದರು. 43 ವಾಟಿನ 6 ಲ್ಯಾಂಪ್, ದೂರದಿಂದಲೇ ಆನ್ ಮಾಡುವುದು. ಯಾರಾದರೂ ಅಕಸ್ಮಾತ್ ಬಾಗಿಲು ತೆಗೆದರೆ ತಾನೇ ಆಫ್ ಆಗುವ ವ್ಯವಸ್ಥೆ ಇತ್ತು. ವಿಜ್ಞಾನಿಗಳು ಖಾಲಿ ಕೋಣೆಗೇ ಅಷ್ಟು ಜಾಗ್ರತೆ ಮಾಡಿದರು. ಇವನು ಒಳಗೆ ಮನುಷ್ಯ ಇರುವಾಗಲೇ ಸ್ವಿಚ್ ಹಾಕಿದ.

ಹಾಕಿಸಲೇಬೇಕು ಅಂತಿದ್ದರೆ ಗಾಡಿಯೊಳಗೆ ಯಾರೂ ಇರಬಾರದು. ನಾಯಿ, ಬೆಕ್ಕೂ ಕೂಡ. ಬಾಗಿಲು, ಕಿಟಕಿ ಎಲ್ಲ ಹಾಕಿ, ಹೊರಗಿನಿಂದ ಆನ್ ಆಫ್ ಮಾಡಬೇಕು. ಕಾರಿನ ಗಾಜು ಯುವಿ-ಸಿಯನ್ನು ದಾಟಿಸುವುದಿಲ್ಲ, ಹಾಗಾಗಿ ಮುಚ್ಚಿದ ಗಾಜಿನ ಹೊರಗೆ ನಿಂತವರಿಗೆ ಅಪಾಯವಿಲ್ಲ. ತೆರೆದ ಬಾಗಿಲು, ಇಳಿಸಿದ ಕಿಟಕಿಯ ಹತ್ತಿರ ಮಾತ್ರ ಸುಳಿಯಬೇಡಿ. ಆಮೇಲೆ ಒಳಗೆ ಚುಚ್ಚುವಂಥ ವಾಸನೆ ಬಂದರೆ ಅದು ಓಝೋನ್. ಕೆಲವು ಟ್ಯೂಬುಗಳು 185 ನ್ಯಾನೋಮೀಟರಿನ ಕಿರಣವನ್ನೂ ಬಿಡುತ್ತವೆ, ಅದರಿಂದ ಹುಟ್ಟುತ್ತದೆ. ಉಬ್ಬಸ ಇದ್ದವರಿಗೆ ಒಳ್ಳೆಯದಲ್ಲ. ಬಾಗಿಲು ತೆಗೆದಿಟ್ಟು ಗಾಳಿಯಾಡಿಸಿ. ಟ್ಯೂಬ್ ಒಡೆದರೆ ಪಾದರಸದ ತಲೆನೋವು ಬೇರೆ. ಪದೇ ಪದೇ ಹಾಕಿಸಿದರೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಬಾಗಿಲಿನ ರಬ್ಬರ್ ಬಣ್ಣಗೆಟ್ಟು ಬಿರುಕು ಬಿಡುತ್ತವೆ.

ಆನ್‌ಲೈನಿನಲ್ಲಿ ಸಿಗುವ ಕೈಕೋಲಿನಂಥ ಯುವಿ ಲೈಟುಗಳ ಸಹವಾಸವೂ ಬೇಡ. ಹಲವು ಅಗ್ಗದ ಲೈಟುಗಳಲ್ಲಿ ಇರುವುದು 400 ನ್ಯಾನೋಮೀಟರಿನ ಆಸುಪಾಸಿನ ನೇರಳೆ ಎಲ್‌ಇಡಿ. ಅದರಿಂದ ಕಾರಿನ ಕ್ರಿಮಿ ಸಾಯುವುದಿಲ್ಲ. ನಿಜವಾದ ಯುವಿ-ಸಿ ಇದ್ದರೆ ಹಿಡಿದ ಕೈಯೇ ಸುಡಬಹುದು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಅಂಥ ಕೆಲವು ಲೈಟುಗಳ ಬಗ್ಗೆ ಎಚ್ಚರಿಕೆಯನ್ನೇ ಕೊಟ್ಟಿತ್ತು.

ಇನ್ನು ಬೂಷ್ಟಿನ ವಿಷಯ. ಈ ಕಿರಣ ಬಿದ್ದ ಕಡೆ ಮಾತ್ರ ಕೆಲಸ. ಸೀಟಿನ ನೆರಳು, ಧೂಳಿನ ಪದರ, ಫೋಮಿನ ಒಳಗು, ಎಸಿ ಕೊಳವೆ, ಎಲ್ಲಿಗೂ ಹೋಗುವುದಿಲ್ಲ. ಬೂಷ್ಟು ಕೂತಿರುವುದು ಅಲ್ಲೇ. ಅದೂ ಅಲ್ಲದೆ ಕಪ್ಪು ಬೂಷ್ಟಿನ ಬೀಜಕಣ ಬ್ಯಾಕ್ಟೀರಿಯಾದಷ್ಟು ಸುಲಭವಾಗಿ ಸಾಯುವುದೂ ಇಲ್ಲ. ನಮ್ಮ ಗಾಡಿಯಲ್ಲಿ ಮುಂದಿನ ಮಳೆಗೇ ವಾಪಸ್ ಬಂತು.

ಕೊನೆಗೆ ನಮ್ಮ ಮೆಕ್ಯಾನಿಕ್ ಬಾನೆಟ್ ಎತ್ತಿ, ವೈಪರಿನ ಕೆಳಗಿನ ಜಾಲರಿ ಬಿಚ್ಚಿದರು. ಒಳಗೆ ಬೊಗಸೆ ತುಂಬಾ ಸಿಲ್ವರ್ ಓಕ್ ಎಲೆ, ಕೊಳೆತು ಗೊಬ್ಬರವಾಗಿತ್ತು. ನೀರು ಇಳಿಯುವ ತೂತು ಮುಚ್ಚಿಹೋಗಿ, ಮಳೆನೀರು ನೇರ ಕಾಲಡಿಯ ಮ್ಯಾಟ್ ಕೆಳಗೆ ಇಳಿಯುತ್ತಿತ್ತು. ತೋಟದ ಮರದಡಿ ಗಾಡಿ ನಿಲ್ಲಿಸುವವರು ಮೊದಲು ಇದನ್ನು ನೋಡಿಸಿ. ಜಾಲರಿ ಕ್ಲೀನ್ ಮಾಡಿ, ಎಸಿ ಫಿಲ್ಟರ್ ಬದಲಿಸಿ, ಬಿಸಿಲು ಬಿದ್ದ ದಿನ ಮ್ಯಾಟು, ಸೀಟು ಬಿಚ್ಚಿ ಕಾಫಿ ಕಣದಲ್ಲಿ ಒಣಗಿಸಿದೆವು. ಈಗ ಮನೆ ಹತ್ತಿರ ಬರುವಾಗ ಎಸಿ ಆಫ್ ಮಾಡಿ, ಬರೀ ಫ್ಯಾನ್ ಓಡಿಸಿಕೊಂಡು ಬರುತ್ತೇವೆ, ಒಳಗಿನ ತೇವ ಆರಲಿ ಅಂತ.

ಮ್ಯಾಟ್ ಕೆಳಗೆ ಈಗ ಒಣಗಿದೆ. ಹಿಂದಿನ ಸೀಟಿನ ವಾಸನೆ ಮಾತ್ರ ಪೂರ್ತಿ ಹೋಗಿಲ್ಲ, ಫೋಮ್ ಬದಲಿಸಬೇಕಂತೆ. ಕುಶಾಲನಗರ, ಗೋಣಿಕೊಪ್ಪ ಕಡೆ ಸೀಟಿನ ಕೆಲಸ ಚೆನ್ನಾಗಿ ಮಾಡುವವರು ಯಾರಾದರೂ ಗೊತ್ತಿದ್ದರೆ ಹೇಳಿ.