ಸ್ಟಾಪ್ ಮೋಷನ್ ಸ್ಟುಡಿಯೋ: ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಬಳಸಿ ನೋಡಿದ್ದು

ಮಕ್ಕಳ ಕೈಲಿ ಸಿನಿಮಾ ಮಾಡಿಸಬೇಕು ಅಂತ ಆ್ಯಪ್ ಹುಡುಕುತ್ತಿರುವ ಟೀಚರುಗಳಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಕೊಳ್ಳೇಗಾಲದ ಕಡೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಈ ಸಲ ಒಂಬತ್ತನೇ ಕ್ಲಾಸಿನ 32 ಮಕ್ಕಳನ್ನು ನಾಲ್ಕು ಗುಂಪು ಮಾಡಿದೆ. ಜಗತ್ತು ಹೇಗೆ ಹುಟ್ಟಿತು ಅಂತ ಜನ ಹೇಳಿಕೊಂಡು ಬಂದಿರುವ ಒಂದೊಂದು ಕಥೆಯನ್ನು ಒಂದೊಂದು ಗುಂಪು ಎರಡು ನಿಮಿಷದ ಸಿನಿಮಾ ಮಾಡಬೇಕು. ಇದ್ದದ್ದು ನನ್ನದೂ ಸೇರಿ ಟೀಚರುಗಳ ಮೂರು ಫೋನು. ಬಳಸಿದ್ದು ಸ್ಟಾಪ್ ಮೋಷನ್ ಸ್ಟುಡಿಯೋ ಆ್ಯಪಿನ ಉಚಿತ ಆವೃತ್ತಿ. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಸಿಗುತ್ತದೆ.

ಕೆಲಸ ಸುಲಭ. ಗೊಂಬೆ ಇಡಿ, ಫೋಟೋ ತೆಗೆಯಿರಿ, ಗೊಂಬೆಯನ್ನು ಒಂಚೂರು ಸರಿಸಿ, ಮತ್ತೆ ಫೋಟೋ. ಸೆಕೆಂಡಿಗೆ ಎಷ್ಟು ಫೋಟೋ ಓಡಬೇಕು ಅಂತ ನಾವೇ ಹೇಳಬಹುದು. ಥಿಯೇಟರಿನ ಸಿನಿಮಾ ಸೆಕೆಂಡಿಗೆ 24 ಚಿತ್ರ ಓಡಿಸುತ್ತದೆ. ಅಷ್ಟು ನಮ್ಮಿಂದ ಆಗದು. 12 ಇಟ್ಟರೂ ಎರಡು ನಿಮಿಷಕ್ಕೆ 1440 ಫೋಟೋ ಬೇಕು. ಕೊನೆಗೆ 8ಕ್ಕೆ ನಿಂತೆವು, ಅಂದರೆ 960. ಸ್ವಲ್ಪ ಕುಂಟಿದ ಹಾಗೆ ಕಾಣುತ್ತದೆ, ಆದರೆ ಮಣ್ಣಿನ ಗೊಂಬೆಗೆ ಆ ನಡಿಗೆಯೇ ಚೆಂದ.

ನನಗೆ ತುಂಬಾ ಹಿಡಿಸಿದ್ದು ಒಂದು ಸೌಲಭ್ಯ. ಹಿಂದೆ ತೆಗೆದ ಫೋಟೋ ತೆರೆಯ ಮೇಲೆ ತೆಳ್ಳಗೆ, ನೆರಳಿನ ಹಾಗೆ ಕಾಣುತ್ತಲೇ ಇರುತ್ತದೆ. ಗೊಂಬೆ ಎಲ್ಲಿತ್ತು, ಈಗ ಎಷ್ಟು ಸರಿಸಿದೆವು ಅಂತ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ಇದಕ್ಕೆ ಓನಿಯನ್ ಸ್ಕಿನ್ ಅನ್ನುತ್ತಾರೆ. ನಮ್ಮ ಮಕ್ಕಳು ದೆವ್ವ ಅಂತ ಹೆಸರಿಟ್ಟರು. "ಮಿಸ್, ದೆವ್ವಕ್ಕಿಂತ ಜಾಸ್ತಿ ಮುಂದೆ ಬಂದ್ಬಿಟ್ಟ" ಅಂತ ಒಬ್ಬ ಕೂಗಿದರೆ ಇನ್ನೊಬ್ಬಳು ಬೆರಳ ತುದಿಯಿಂದ ಗೊಂಬೆಯನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಬೆಂಚಿನ ಮೇಲೆ ಐದು ನಿಮಿಷ ಕೂರದ ಹುಡುಗರು ಇದರ ಮುಂದೆ ಮಧ್ಯಾಹ್ನವೆಲ್ಲ ಕೂತರು.

ಚೀನಾದ ಪಾನ್‌ಗು ಕಥೆ ತೆಗೆದುಕೊಂಡ ಗುಂಪು ಕೆರೆಯಿಂದ ಜೇಡಿಮಣ್ಣು ತಂದಿತು. ಪಾನ್‌ಗು ಮೊಟ್ಟೆಯೊಳಗೆ 18,000 ವರ್ಷ ಮಲಗಿದ್ದು ಎದ್ದವನು. ಆಮೇಲೆ ದಿನಾ ಆಕಾಶ ಒಂದಿಷ್ಟು ಮೇಲೇರುತ್ತದೆ, ಅವನೂ ಬೆಳೆಯುತ್ತಾನೆ. ಮಕ್ಕಳು ನೀಲಿ ರಟ್ಟನ್ನು ಎರಡು ಕಡೆ ನೋಟ್‌ಬುಕ್ ಮೇಲೆ ಇಟ್ಟು, ಫೋಟೋಗೊಂದರಂತೆ ಹಾಳೆ ಸೇರಿಸುತ್ತ ಹೋದರು. ಎರಡನೇ ದಿನ ಮಣ್ಣು ಒಣಗಿ ಗೊಂಬೆ ಬಿರುಕು ಬಿಟ್ಟಿತು. ಅದನ್ನು ಬಿಸಾಡಲಿಲ್ಲ. ಪಾನ್‌ಗು ಸತ್ತ ಮೇಲೆ ಉಸಿರು ಗಾಳಿಯಾಯಿತು, ರಕ್ತ ನದಿಯಾಯಿತು ಅಂತ ಕಥೆಯಲ್ಲಿದೆ ಅಲ್ವಾ, ಆ ಬಿರುಕುಗಳಲ್ಲೇ ನೀಲಿ ನೂಲು ಎಳೆದು ನದಿ ಹರಿಸಿದರು.

ನ್ಯೂಜಿಲೆಂಡಿನ ಮಾವೋರಿಗಳ ರಂಗಿ ಮತ್ತು ಪಾಪಾ ಕಥೆಯೂ ಚೆನ್ನಾಗಿ ಬಂತು. ಆಕಾಶ ತಂದೆ, ಭೂಮಿ ತಾಯಿ, ಇಬ್ಬರೂ ಅಪ್ಪಿಕೊಂಡೇ ಇರುತ್ತಾರೆ. ಮಕ್ಕಳಿಗೆ ನಡುವೆ ಬರೀ ಕತ್ತಲು. ಕಡೆಗೆ ತಾನೆ ಅನ್ನುವ ಮಗ ಅಂಗಾತ ಮಲಗಿ ಕಾಲಿನಿಂದ ಅಪ್ಪನನ್ನು ಮೇಲಕ್ಕೆ ಒದೆಯುತ್ತಾನೆ. ಗೋಣಿಚೀಲ ಭೂಮಿಯಾಯಿತು, ಹಳೇ ಸೀರೆ ಆಕಾಶವಾಯಿತು.

ಋಗ್ವೇದದ ನಾಸದೀಯ ಸೂಕ್ತ ತೆಗೆದುಕೊಂಡವರದು ಕಷ್ಟದ ಕೆಲಸ. ಇರುವುದೂ ಇರಲಿಲ್ಲ, ಇಲ್ಲದಿರುವುದೂ ಇರಲಿಲ್ಲ ಅನ್ನುವುದನ್ನು ಫೋಟೋ ತೆಗೆಯುವುದು ಹೇಗೆ? ಗಾಳಿಯೇ ಇಲ್ಲದೆ ಅದೊಂದು ಉಸಿರಾಡುತ್ತಿತ್ತು ಅಂತ ಎರಡನೇ ಮಂತ್ರದಲ್ಲಿ ಬರುತ್ತದೆ. ಅದನ್ನು ಓದಿದ ಮೇಲೆ ಒಬ್ಬ ಹುಡುಗಿ ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದಳು. ಮೊದಲ 30 ಸೆಕೆಂಡು ತೆರೆ ಪೂರ್ತಿ ಕಪ್ಪು, ಅವಳ ಉಸಿರಿನ ಸದ್ದು ಮಾತ್ರ. ನನಗೆ ಮೈ ಜುಂ ಅಂದಿತು.

ತೊಂದರೆಗಳನ್ನೂ ಹೇಳಬೇಕು. ಗ್ರೀನ್ ಸ್ಕ್ರೀನ್ (ಗೊಂಬೆಯ ಹಿನ್ನೆಲೆಯನ್ನು ಬೇರೆ ಚಿತ್ರಕ್ಕೆ ಬದಲಿಸುವುದು) ಥರದವು ದುಡ್ಡು ಕೊಟ್ಟರಷ್ಟೇ ತೆರೆಯುತ್ತವೆ. ನಮಗೆ ಅದು ಬೇಕಾಗಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ತಂದ ಫೋನ್ ಸ್ಟ್ಯಾಂಡ್ ಮಾತ್ರ ಎರಡೇ ದಿನಕ್ಕೆ ಕತ್ತು ಬಾಗಿಸಿತು. 200 ಫೋಟೋ ದಂಡವಾಯಿತು, ಮಕ್ಕಳು ಅತ್ತೇಬಿಟ್ಟರು. ಆಮೇಲೆ ಎರಡು ಇಟ್ಟಿಗೆ ನಡುವೆ ಫೋನ್ ಸಿಕ್ಕಿಸಿದೆವು, ಅಲುಗಾಡಲೇ ಇಲ್ಲ. ಇನ್ನೊಂದು, ಕಿಟಕಿ ಬೆಳಕನ್ನು ನಂಬಬೇಡಿ. ಮೋಡ ಬಂದು ಹೋದ ಹಾಗೆಲ್ಲ ಚಿತ್ರ ಮಿಣಮಿಣ ಅನ್ನುತ್ತದೆ. ಬಾಗಿಲು ಕಿಟಕಿ ಹಾಕಿ, ಒಂದೇ ಬಲ್ಬಿನ ಕೆಳಗೆ ಮಾಡಿ. ದಿನಾ ಸಂಜೆ ಅಷ್ಟಷ್ಟನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ, ಫೋನಿನಲ್ಲಿ ಜಾಗ ಬೇಗ ತುಂಬುತ್ತದೆ.

ನಾಲ್ಕನೇ ಗುಂಪಿನ ಕಥೆ ನಮ್ಮ ಕಡೆಯ ಜನಪದ ಕಾವ್ಯವಾದ ಮಂಟೇಸ್ವಾಮಿ ಕಾವ್ಯದ್ದು. ಆ ಗುಂಪಿನ ಹುಡುಗನ ತಾತ ನೀಲಗಾರರು, ಅಂದರೆ ಈ ಕಾವ್ಯ ಹಾಡುವವರು. ಚಿಕ್ಕಲ್ಲೂರು ಜಾತ್ರೆಯಲ್ಲಿ ಹಾಡುವವರು. ಏನೂ ಇಲ್ಲದ ಕಾಲದಲ್ಲಿ ಆದಿಶಕ್ತಿ ಹುಟ್ಟಿ ಬಂದ ಭಾಗವನ್ನು ಅವರಿಂದ ಹಾಡಿಸಿ ರೆಕಾರ್ಡ್ ಮಾಡಿಕೊಂಡೆವು. "ಎಲ್ಡ್ ನಿಮ್ಸುಕ್ಕೆ ಮುಗ್ಸಕಾದ್ದಾ ಕನವ್ವಾ? ಬೆಳಗಂಟ ಹಾಡದು ಇದು" ಅಂದರು. ಆದರೂ ಹಾಡಿದರು. ಮಕ್ಕಳು ರಾಗಿ ಹಿಟ್ಟನ್ನು ಕರಿ ಹಲಗೆಯ ಮೇಲೆ ಹರಡಿ, ಬೆರಳಲ್ಲಿ ಸರಿಸುತ್ತಾ ಆದಿಶಕ್ತಿಯ ಮುಖ ಮೂಡಿಸಿದರು. ಎಲ್ಲ ಮುಗಿಸಿ ತಾತನಿಗೆ ಫೋನಿನಲ್ಲಿ ತೋರಿಸಿದೆವು. ಎರಡು ಸಲ ನೋಡಿ, "ಮುಖ ಆಮ್ಯಾಕೆ ಬರ್ಲಿ. ತಂಬೂರಿ ಮೊದ್ಲು ಕೇಳ್ಬೇಕು" ಅಂದರು.

ಈ ಆ್ಯಪಿನಲ್ಲಿ ನಡುವಿನ ಫೋಟೋ ಅಳಿಸಿ ಹೊಸದು ಸೇರಿಸುವುದು ಸಲೀಸು. ಮಾರನೇ ದಿನ ಶನಿವಾರ, ಬೆಳಗಿನ ಶಾಲೆ. ಬೆಲ್ ಹೊಡೆದ ಮೇಲೂ ಎಂಟೂ ಮಕ್ಕಳು ಉಳಿದುಕೊಂಡು ಮೊದಲ 12 ಸೆಕೆಂಡನ್ನು ಹೊಸದಾಗಿ ಮಾಡಿದರು. ಬರೀ ಕರಿ ಹಲಗೆ, ತಂಬೂರಿ ಸದ್ದಿಗೆ ಒಂದೊಂದೇ ಚಿಟಿಕೆ ರಾಗಿ ಹಿಟ್ಟು. 96 ಫೋಟೋ.