ಕುದುರೆ ಕಾಲಿನ ಲಿಗಮೆಂಟ್ ಗಾಯ: ಐಸ್, ಪೈಪ್ ನೀರು, ಲಾಯ, ಬಯಲು ಎಲ್ಲ ಮಾಡಿ ನೋಡಿದೆ

ಸಸ್ಪೆನ್ಸರಿ ಲಿಗಮೆಂಟ್ (ಕಾಲಿನ ಕೀಲನ್ನು ಹಿಡಿದಿಡುವ ಗಟ್ಟಿ ನಾರಿನ ಪಟ್ಟಿ) ಗಾಯವಾದ ಎರಡು ಕುದುರೆಗಳನ್ನು ನಾನೇ ನೋಡಿಕೊಂಡಿದ್ದೇನೆ. ಹೆಣ್ಣು ಕುದುರೆಗೆ ಮುಂಗಾಲು, ಆಮೇಲೆ ಗಂಡು ಕುದುರೆಗೆ ಹಿಂಗಾಲು. ಮೊದಲನೆಯದರಲ್ಲಿ ಮಾಡಿದ ತಪ್ಪನ್ನು ಎರಡನೆಯದರಲ್ಲಿ ಮಾಡಲಿಲ್ಲ, ಬೇರೆ ತಪ್ಪು ಮಾಡಿದೆ.

ಈ ಲಿಗಮೆಂಟ್ ಮಂಡಿಯ ಕೆಳಗೆ ಶುರುವಾಗಿ ಕಾಲಿನ ಉದ್ದ ಮೂಳೆಯ ಹಿಂದೆಯೇ ಇಳಿದು, ಫೆಟ್‌ಲಾಕ್ ಕೀಲಿನ (ಗೊರಸಿಗಿಂತ ತುಸು ಮೇಲಿರುವ ಕೀಲು) ಸ್ವಲ್ಪ ಮೇಲೆ ಎರಡು ಕವಲಾಗುತ್ತದೆ. ಕುದುರೆ ಭಾರ ಹಾಕಿದಾಗ ಆ ಕೀಲು ನೆಲಕ್ಕೆ ಕುಸಿಯದಂತೆ ತೊಟ್ಟಿಲ ಹಗ್ಗದ ಹಾಗೆ ಹಿಡಿದುಕೊಳ್ಳುವುದು ಮುಖ್ಯವಾಗಿ ಇದೇ.

ಹೆಣ್ಣು ಕುದುರೆಗೆ ಕವಲಿನಲ್ಲಿ ಗಾಯ. ಗುರುತಿಸುವುದು ಸುಲಭವಾಗಿತ್ತು: ಕೀಲಿನ ಮೇಲೆ ಒಂದು ಪಕ್ಕ ಊದಿತ್ತು, ಮುಟ್ಟಿದರೆ ಬಿಸಿ, ಕಾಲೆತ್ತಿ ಬೆರಳಲ್ಲಿ ಒತ್ತಿದ ತಕ್ಷಣ ಕಾಲು ಕಿತ್ತುಕೊಂಡಳು. ಗಂಡು ಕುದುರೆಯದು ತಲೆನೋವಿನ ಕೇಸು. ಗಾಯ ಇದ್ದದ್ದು ಲಿಗಮೆಂಟಿನ ಮೇಲ್ತುದಿಯಲ್ಲಿ. ಅಲ್ಲಿ ಎರಡು ಸಣ್ಣ ಮೂಳೆಗಳ ನಡುವೆ ಅದು ಅಡಗಿ ಕೂತಿರುತ್ತೆ, ಹಾಗಾಗಿ ಊತವೂ ಇಲ್ಲ, ಬಿಸಿಯೂ ಇಲ್ಲ. ಗಟ್ಟಿ ನೆಲದಲ್ಲಿ ಸರಿಯಾಗೇ ಓಡುತ್ತಿದ್ದ, ಮೆತ್ತನೆ ಮರಳಿಗೆ ಬಂದರೆ ಹಿಂಗಾಲಿನ ತಳ್ಳುವ ಶಕ್ತಿ ಕಡಿಮೆ, ಆ ಕಾಲು ಹೊರಗಡೆ ಬರುವ ಹಾಗೆ ಸುತ್ತು ಹಾಕಿಸಿದರೆ ಇನ್ನೂ ಜಾಸ್ತಿ ಕುಂಟು. ನಾನು ಬೆನ್ನು ನೋವು ಅಂದುಕೊಂಡು ಒಂದು ತಿಂಗಳು ಹಾಳು ಮಾಡಿದೆ. ಕೊನೆಗೆ ವೈದ್ಯರು ಕಾಲಿನ ಒಂದೊಂದೇ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಓಡಿಸಿ ನೋಡಿ, ಆಮೇಲೆ ಅಲ್ಟ್ರಾಸೌಂಡ್ ಮಾಡಿ ಹೇಳಿದರು. ಒಂದು ಮಾತು: ಕುಂಟು ಕಂಡ ಕೂಡಲೇ ನೀವೇ ನೋವಿನ ಪುಡಿ ಕೊಡಬೇಡಿ, ವೈದ್ಯರು ಬರುವಷ್ಟರಲ್ಲಿ ಕುಂಟೇ ಕಾಣದ ಹಾಗಾಗುತ್ತೆ.

ಮೊದಲ ಎರಡು ಮೂರು ದಿನ ತಂಪು ಮಾಡುವುದೇ ಕೆಲಸ, ಸಲಕ್ಕೆ 20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಪೈಪ್ ನೀರು ಬಿಡುವುದು ಸುಲಭ, ಕುದುರೆಯೂ ಸುಮ್ನೆ ನಿಲ್ಲುತ್ತೆ. ಆದರೆ ಚರ್ಮ ಸದಾ ಒದ್ದೆಯಾಗಿ ಗೊರಸಿನ ಮೇಲಿನ ಮಡಿಕೆ ಬಿರುಕು ಬಿಟ್ಟು ಹಕ್ಕಳೆ ಕಟ್ಟಿತು, ಅದೊಂದು ಹೊಸ ಕಾಟ. ಐಸ್ ಹಾಕಿದ ನೀರಿನಲ್ಲಿ ಕಾಲು ಮುಳುಗಿಸುವುದೇ ಗೆದ್ದಿತು. ನೀರು ಸುತ್ತಲೂ ತಾಗುವುದರಿಂದ ತಂಪು ಒಳಗಿನವರೆಗೂ ಇಳಿಯುತ್ತೆ. ಕಷ್ಟ ಏನಂದ್ರೆ ಕುದುರೆ ಬಕೆಟ್ಟನ್ನು ಒಪ್ಪಬೇಕಲ್ಲ, ಎರಡು ಬಕೆಟ್ ಒಡೆದ ಮೇಲೆ ಐಸ್ ತುಂಬುವ ಎತ್ತರದ ಬೂಟ್ ತಂದೆ. ಜೆಲ್ ಪ್ಯಾಕ್ ಜಾರುತ್ತೆ, ಬೇಗ ಬಿಸಿಯಾಗುತ್ತೆ. ಮಣ್ಣಿನ ಪಟ್ಟು ರಾತ್ರಿಗೆ ಪರವಾಗಿಲ್ಲ, ಆದರೆ ಅದರಿಂದ ಸಮಾಧಾನ ಸಿಕ್ಕಿದ್ದು ಕುದುರೆಗಿಂತ ನನಗೇ ಜಾಸ್ತಿ. ಬ್ಯಾಂಡೇಜ್ ಕಟ್ಟಿದರೆ ಜೊತೆಯ ಕಾಲಿಗೂ ಕಟ್ಟಿ, ಭಾರ ಹೊರುತ್ತಿರುವುದು ಅದೇ ಅಲ್ವಾ. ಕೆಳಗೆ ಹತ್ತಿ ಸಮವಾಗಿರಲಿ, ಇಲ್ಲದಿದ್ದರೆ ಬ್ಯಾಂಡೇಜೇ ಹಿಂಬದಿಯ ಸ್ನಾಯುರಜ್ಜಿಗೆ (ಟೆಂಡನ್) ಏಟು ಕೊಡುತ್ತೆ.

ಇನ್ನು ವಿಶ್ರಾಂತಿ. ನಿಜವಾದ ವ್ಯತ್ಯಾಸ ಕಂಡದ್ದು ಇಲ್ಲೇ.

ಹೆಣ್ಣು ಕುದುರೆ ಮೂರನೇ ವಾರಕ್ಕೆ ಕುಂಟು ಬಿಟ್ಟಳು. ವಾಸಿಯಾಯ್ತು ಅಂತ ಬಯಲಿಗೆ ಬಿಟ್ಟೆ. ಹಗ್ಗ ಬಿಚ್ಚಿದ್ದೇ ತಡ, ಒಂದು ನಾಗಾಲೋಟ, ಎರಡು ಒದೆತ, ಬೇಲಿ ಹತ್ತಿರ ಗಕ್ಕನೆ ತಿರುಗಿದಳು. ಮರುದಿನ ಊತ ಮತ್ತೆ ಬಂತು. ನೋವು ವಾರಗಳಲ್ಲಿ ಹೋಗುತ್ತೆ, ಎಳೆಗಳು ಕೂಡಿಕೊಳ್ಳೋಕೆ ತಿಂಗಳುಗಳೇ ಬೇಕು, ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ, ಅವಳು ನಡೆಯುವುದನ್ನು ನೋಡಿ ಮರೆತೆ.

ಅದಕ್ಕೇ ಗಂಡು ಕುದುರೆಯನ್ನು ಪೂರ್ತಿ ಲಾಯದಲ್ಲೇ ಕೂಡಿ ಹಾಕಿದೆ. ಕಾಲಿಗೆ ಒಳ್ಳೆಯದೇ ಆಯ್ತು, ತಲೆಗೆ ಅಲ್ಲ. ಬಾಗಿಲಲ್ಲಿ ನಿಂತು ಅತ್ತಿತ್ತ ತೂಗೋಕೆ ಶುರು ಮಾಡಿದ. ಅಲುಗಾಟವಿಲ್ಲದೆ ನಿಂತರೆ ಹೊಟ್ಟೆ ಶೂಲೆಯ ಭಯ ಬೇರೆ, ಕಾಳು ಕಡಿಮೆ ಮಾಡಿ ಹುಲ್ಲು ಜಾಸ್ತಿ ಮಾಡಿದೆ. ಹೊರಗೆ ಕರೆದೊಯ್ದರೆ ಗಾಳಿಪಟ.

ಕೊನೆಗೆ ಕೈ ಹಿಡಿದದ್ದು ಮೂರನೇ ದಾರಿ: ಓಡಲು ಆಗದಷ್ಟು ಚಿಕ್ಕ ದೊಡ್ಡಿ, ಜೊತೆಗೆ ಗಡಿಯಾರ ನೋಡಿ ಕೈಯಲ್ಲಿ ಹಿಡಿದು ನಡೆಸುವುದು. ಗಟ್ಟಿಯಾದ ಸಮತಟ್ಟು ನೆಲ, ನೇರ ದಾರಿ. ದಿನಕ್ಕೆರಡು ಸಲ 10 ನಿಮಿಷದಿಂದ ಶುರು, ವಾರಕ್ಕೆ 5 ನಿಮಿಷ ಏರಿಕೆ, 8 ವಾರಕ್ಕೆ ಮತ್ತೆ ಸ್ಕ್ಯಾನ್. ಸ್ಕ್ಯಾನ್ ಚೆನ್ನಾಗಿದ್ದರೆ ಮಾತ್ರ ಮುಂದಿನ ಹಂತ. ಬೇಜಾರಿನ ಕೆಲಸ, ಮಳೆ ಬಂದರೂ ಬಿಡುವಂತಿಲ್ಲ. ಅವಳಿಗೆ 9 ತಿಂಗಳು ಹಿಡಿಯಿತು, ಇವನಿಗೆ ಒಂದು ವರ್ಷದ ಹತ್ತಿರ. ಹಿಂಗಾಲಿನ ಮೇಲ್ತುದಿಯ ಗಾಯ ಸಾಮಾನ್ಯವಾಗಿ ಮುಂಗಾಲಿನದಕ್ಕಿಂತ ಹಟಮಾರಿ.

ದುಬಾರಿ ಚಿಕಿತ್ಸೆಗಳನ್ನು ಒಂದಕ್ಕೊಂದು ನೇರವಾಗಿ ಹೋಲಿಸೋಕೆ ಆಗಲ್ಲ, ಗಾಯಗಳೇ ಬೇರೆ ಬೇರೆ. ಅವಳಿಗೆ ಸ್ಕ್ಯಾನಿನಲ್ಲಿ ಕಪ್ಪು ತೂತು ಕಂಡಿತ್ತು, ಅವಳದೇ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ ಆ ತೂತಿಗೇ ಚುಚ್ಚಿದರು. ಇವನಿಗೆ ಶಾಕ್‌ವೇವ್ (ಯಂತ್ರದಿಂದ ಗಾಯದ ಜಾಗಕ್ಕೆ ಒತ್ತಡದ ಅಲೆ ಹಾಯಿಸುವುದು), ಎರಡೆರಡು ವಾರ ಬಿಟ್ಟು ಮೂರು ಸಲ. ಶಾಕ್‌ವೇವ್ ಆದ ಕೆಲವು ದಿನ ಕುದುರೆ ಭಾರೀ ಚೆನ್ನಾಗಿ ನಡೆಯುತ್ತೆ, ನಂಬಬೇಡಿ, ನೋವು ತಾತ್ಕಾಲಿಕವಾಗಿ ಮಂದವಾಗಿರುತ್ತೆ ಅಷ್ಟೇ.

ಇಷ್ಟೆಲ್ಲ ಆದ ಮೇಲೆ ಲಾಳ ಕಟ್ಟುವವರು ಗೊರಸು ನೋಡಿ, ಮುಂದೆ ಉದ್ದ ಬೆಳೆದಿದೆ, ಹಿಮ್ಮಡಿ ತಗ್ಗಿದೆ, ಕಾಲಿನ ಹಿಂಬದಿಗೆ ಎಳೆತ ಬೀಳದೆ ಇನ್ನೇನು ಅಂದರು. ಎರಡೂ ಕುದುರೆಗೆ ಹಾಗೇ ಇತ್ತು. ಅಷ್ಟು ದಿನ ನಾನು ನೋಡುತ್ತಿದ್ದದ್ದು ಗೊರಸಿಗಿಂತ ಮೇಲಿನ ಕಾಲನ್ನು ಮಾತ್ರ.